ವರ್ಷಾಂತ್ಯದ ಲೆಕ್ಕ ಮತ್ತು ಮಾನಕಷಾಯ

ಡಿಸೆಂಬರ್ ತಿಂಗಳ ಕೊನೆಯ ದಿನಗಳು ಲೆಕ್ಕ ಒಪ್ಪಿಸುವ ದಿನಗಳು. ಕಾರವಾರ, ಅಂಕೋಲಾ ಸೀಮೆಯ ಶಾಲೆಗಳಲ್ಲಿ ಈ ಹೊತ್ತಿಗೆ ವಾರ್ಷಿಕ ಸ್ನೇಹ ಸಮ್ಮೇಳನದ ಚಪ್ಪರ ಏಳುತ್ತದೆ. ಅತಿಥಿಗಳ ಎದುರು ವರ್ಷದ ವರದಿ ವಾಚನವಾಗುತ್ತದೆ. ಸಹಕಾರಿ ಸಂಘಗಳು, ಯುವಕ ಮಂಡಳಗಳು, ಮಹಿಳಾ ಮಂಡಳಗಳು ತಮ್ಮ ತಮ್ಮ ಕಾರ್ಯಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಮನೆಯ ಮಂದಿಯೂ ಹಿಂದುಳಿಯುವುದಿಲ್ಲ. ಹೊಸ ಮನೆ ಕಟ್ಟಿಸಿದ್ದು, ಬಡ್ತಿ ದೊರೆತದ್ದು, ಮಗಳು ಒಳ್ಳೆಯ ಅಂಕ ಗಳಿಸಿದ್ದು, ಸಮ್ಮೇದಶಿಖರಕ್ಕೆ ಹೋಗಿಬಂದದ್ದು, ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡಿದ್ದು, ಇವೆಲ್ಲವೂ ಚಿತ್ರಸಹಿತವಾಗಿ ಮೊಬೈಲ್ ಪರದೆಯ ಮೇಲೆ ಸಾಲುಗಟ್ಟುತ್ತವೆ. ‘ಈ ವರ್ಷ ನಾನು ಸಾಧಿಸಿದ್ದು’ ಎಂಬುದು ಅವೆಲ್ಲಕ್ಕೂ ಒಪ್ಪುವ ಶೀರ್ಷಿಕೆ.

ಇದರಲ್ಲಿ ದೋಷವೇನು ಎಂದು ಯಾರಾದರೂ ಕೇಳಬಹುದು. ದುಡಿದವನು ದುಡಿಮೆಯ ಫಲವನ್ನು ಕಂಡು ಹರ್ಷಿಸುವುದು ಸಹಜ. ಜಿನಧರ್ಮವು ಆ ಹರ್ಷವನ್ನು ಗದರಿಸುವುದಿಲ್ಲ. ಅದು ಎಚ್ಚರಿಸುವುದು ಹರ್ಷದ ನೆರಳಿನಲ್ಲಿ ಸದ್ದಿಲ್ಲದೆ ಬೆಳೆಯುವ ಮತ್ತೊಂದನ್ನು ಕುರಿತು. ಅದರ ಹೆಸರು ಮಾನ. ಲೋಕರೂಢಿಯಲ್ಲಿ ಮಾನವೆಂದರೆ ಮರ್ಯಾದೆ, ಗೌರವ. ಜೈನಾಗಮದ ಪರಿಭಾಷೆಯಲ್ಲಿ ಅದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಎರಡನೆಯದು. ಆತ್ಮಕ್ಕೆ ಕರ್ಮವನ್ನು ಅಂಟಿಸುವ ಅಹಂಕಾರ. ಕ್ರೋಧ ಬಂದಾಗ ಮುಖವೇ ಹೇಳುತ್ತದೆ. ಮಾನವು ಹಾಗಲ್ಲ, ಅದು ಸನ್ಮಾನದ ಶಾಲನ್ನು ಹೊದ್ದು, ನಗುಮುಖದಿಂದಲೇ ಬರುತ್ತದೆ.

ಹಿಂತಿರುಗಿ ನೋಡುವುದು ಜೈನರಿಗೆ ಹೊಸದಲ್ಲ. ಷಡಾವಶ್ಯಕಗಳಲ್ಲಿ ಒಂದಾದ ಪ್ರತಿಕ್ರಮಣವೆಂದರೆ ಹಿಂತಿರುಗಿ ಬರುವುದೇ. ಹಗಲಿನ ದೋಷಕ್ಕೆ ದೈವಸಿಕ, ಇರುಳಿನ ದೋಷಕ್ಕೆ ರಾತ್ರಿಕ, ಹದಿನೈದು ದಿನಗಳಿಗೆ ಪಾಕ್ಷಿಕ, ನಾಲ್ಕು ತಿಂಗಳಿಗೆ ಚಾತುರ್ಮಾಸಿಕ, ವರ್ಷಕ್ಕೆ ಸಾಂವತ್ಸರಿಕ ಎಂದು ಪೂರ್ವಾಚಾರ್ಯರು ಲೆಕ್ಕದ ಅವಧಿಗಳನ್ನೂ ನಿಗದಿ ಮಾಡಿದ್ದಾರೆ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಬರೆಯತಕ್ಕದ್ದು ಬೇರೆ. ‘ಏನನ್ನು ಗಳಿಸಿದೆ’ ಎಂಬ ಪ್ರಶ್ನೆ ಅಲ್ಲಿಲ್ಲ. ‘ಎಲ್ಲಿ ತಪ್ಪಿದೆ, ಯಾವ ಜೀವಕ್ಕೆ ನೋವಾಯಿತು, ಯಾವ ವ್ರತಕ್ಕೆ ಅತಿಚಾರ ತಗುಲಿತು’ ಎಂಬ ಪ್ರಶ್ನೆಗಳಿವೆ. ವರ್ಷಾಂತ್ಯದ ಸಾಧನೆಯ ಪಟ್ಟಿಗೂ ಸಾಂವತ್ಸರಿಕ ಪ್ರತಿಕ್ರಮಣಕ್ಕೂ ಇರುವ ಅಂತರ ಇಷ್ಟೇ. ಎರಡೂ ಒಂದೇ ವರ್ಷವನ್ನು ನೋಡುತ್ತವೆ. ಮೊದಲನೆಯದು ‘ನಾನು’ ಎಂಬುದನ್ನು ದೊಡ್ಡದು ಮಾಡುತ್ತದೆ. ಎರಡನೆಯದು ಅದನ್ನು ತೊಳೆಯುತ್ತದೆ.

ಬಸದಿಯ ಮುಂದೆ ನಿಂತ ಮಾನಸ್ತಂಭವನ್ನು ಕಾಣದ ಶ್ರಾವಕರಿಲ್ಲ. ಒಳಗೆ ಹೋಗುವ ಮೊದಲು ಮಾನವನ್ನು ಹೊರಗೇ ಬಿಟ್ಟು ಬಾ ಎಂಬುದು ಅದರ ಸಂಜ್ಞೆ. ಮಹಾಪಂಡಿತನೆಂಬ ಗರ್ವದಿಂದ ಮಹಾವೀರರೊಡನೆ ವಾದಕ್ಕೆ ಬಂದ ಇಂದ್ರಭೂತಿ ಗೌತಮನ ಗರ್ವವು ಸಮವಸರಣದ ಮಾನಸ್ತಂಭವನ್ನು ನೋಡಿದೊಡನೆ ಕರಗಿತೆಂದು ದಿಗಂಬರ ಪರಂಪರೆ ಹೇಳುತ್ತದೆ. ಅವನೇ ಮುಂದೆ ಪ್ರಥಮ ಗಣಧರನಾದನು. ಭಗವಾನರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನವೇ ಗೌತಮ ಗಣಧರರಿಗೆ ಕೇವಲಜ್ಞಾನ ಉಂಟಾಯಿತು. ಆ ದೀಪಾವಳಿಯ ಮರುದಿನದಿಂದಲೇ ವೀರನಿರ್ವಾಣ ಸಂವತ್ಸರದ ಎಣಿಕೆ ಆರಂಭವಾಗುತ್ತದೆ. ಜೈನರ ಹೊಸ ವರ್ಷದ ನೆನಪಿನಲ್ಲಿ ಮಾನವನ್ನು ಕಳೆದುಕೊಂಡ ಒಬ್ಬ ಪಂಡಿತನ ಕಥೆಯೂ ಸೇರಿದೆ ಎಂಬುದು ಗಮನಾರ್ಹ.

ಮಾನಕ್ಕೆ ಆಹಾರವಾಗುವ ವಸ್ತುಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟೆಂದು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಮತ್ತು ಶರೀರ. ಇಲ್ಲಿ ಪೂಜೆಯೆಂದರೆ ಜನರಿಂದ ದೊರೆಯುವ ಮನ್ನಣೆ. ಋದ್ಧಿಯೆಂದರೆ ಸಂಪತ್ತು, ಸಮೃದ್ಧಿ. ಇಂದಿನ ವರ್ಷಾಂತ್ಯದ ಯಾವ ಪಟ್ಟಿಯನ್ನು ತೆಗೆದುಕೊಂಡರೂ ಅದರ ಪ್ರತಿಯೊಂದು ಸಾಲೂ ಈ ಎಂಟರಲ್ಲಿ ಒಂದರ ಕೆಳಗೆ ಬಂದು ನಿಲ್ಲುತ್ತದೆ. ಪದವಿ ಜ್ಞಾನದಲ್ಲಿ, ಪ್ರಶಸ್ತಿ ಪೂಜೆಯಲ್ಲಿ, ಹೊಸ ಕಾರು ಋದ್ಧಿಯಲ್ಲಿ, ಇಳಿಸಿಕೊಂಡ ದೇಹದ ತೂಕ ಶರೀರದಲ್ಲಿ, ಮಾಡಿದ ಉಪವಾಸ ತಪಸ್ಸಿನಲ್ಲಿ. ತಪಸ್ಸನ್ನೂ ಆಚಾರ್ಯರು ಈ ಪಟ್ಟಿಗೆ ಸೇರಿಸಿದ್ದು ಧರ್ಮಾತ್ಮರಾದವರು ಎರಡು ಬಾರಿ ಓದಿಕೊಳ್ಳಬೇಕಾದ ಮಾತು.

ಮಾನವೆಲ್ಲ ಒಂದೇ ಗಟ್ಟಿಯದಲ್ಲ. ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಅದನ್ನು ಕಲ್ಲು, ಎಲುಬು, ಮರ, ಬೆತ್ತ ಎಂಬ ನಾಲ್ಕಕ್ಕೆ ಹೋಲಿಸುತ್ತಾರೆ. ಬೆತ್ತ ಬೇಗ ಬಾಗುತ್ತದೆ. ಮರವನ್ನು ಬಾಗಿಸಲು ಶ್ರಮ ಬೇಕು, ಎಲುಬಿಗೆ ಇನ್ನೂ ಹೆಚ್ಚು. ಕಲ್ಲು ಬಾಗುವುದೇ ಇಲ್ಲ. ಕಷಾಯದ ಸಂಸ್ಕಾರ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೂ ಶಾಸ್ತ್ರದಲ್ಲಿ ಅಳತೆಯಿದೆ. ದಿಗಂಬರ ಗ್ರಂಥಗಳ ಪ್ರಕಾರ ಸಂಜ್ವಲನಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳೊಳಗಿನ ಕಾಲ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿದ್ದು ಅನಂತಾನುಬಂಧಿ. ಶ್ವೇತಾಂಬರ ಕರ್ಮಗ್ರಂಥಗಳು ಇವನ್ನೇ ಪಕ್ಷ, ನಾಲ್ಕು ತಿಂಗಳು, ಒಂದು ವರ್ಷ, ಜೀವಮಾನ ಎಂದು ಹೇಳುತ್ತವೆ. ಅಳತೆಗಳು ಬೇರೆಯಾದರೂ ಒಂದು ಮಾತಿನಲ್ಲಿ ಇಬ್ಬರಿಗೂ ಸಮ್ಮತಿಯಿದೆ: ವರ್ಷ ದಾಟಿಯೂ ಸಡಿಲದ ಕಷಾಯ ಕಲ್ಲಿನ ಜಾತಿಯದು. ಅದು ಸಮ್ಯಗ್ದರ್ಶನವನ್ನೇ ಮುಚ್ಚುತ್ತದೆ.

ವರ್ಷಾಂತ್ಯದ ನಿಜವಾದ ಅಪಾಯ ಇಲ್ಲಿದೆ. ಕೆಲಸ ಕೈಗೂಡಿದ ಗಳಿಗೆಯಲ್ಲಿ ಮನಸ್ಸು ಉಬ್ಬುವುದು ಬೆತ್ತದಂತಹ ಮಾನ. ಸ್ವಲ್ಪ ಹೊತ್ತಿಗೆ ತಾನೇ ಬಾಗುತ್ತದೆ. ಆದರೆ ಏಪ್ರಿಲ್‌ನಲ್ಲಿ ಮುಗಿದ ಕಾರ್ಯವನ್ನು ಡಿಸೆಂಬರಿನಲ್ಲಿ ಮತ್ತೆ ಹೊರತೆಗೆದು, ಒರೆಸಿ, ಹೊಳಪು ಕೊಟ್ಟು, ನಾಲ್ಕು ಜನರ ಮುಂದಿಟ್ಟು, ಮುಂದಿನ ವರ್ಷಕ್ಕೂ ಹೊತ್ತೊಯ್ದರೆ ಅದು ಬೆತ್ತವಾಗಿ ಉಳಿಯುವುದಿಲ್ಲ. ವರ್ಷದ ಕೊನೆಯೆಂಬುದು ಮಾನವನ್ನು ಇಳಿಸಬೇಕಾದ ಗಡಿ. ಅಲ್ಲಿಯೇ ಅದಕ್ಕೆ ಮುಂದಿನ ದಾರಿಯ ಬುತ್ತಿ ಕಟ್ಟಿಕೊಡುವ ಪದ್ಧತಿ ಬೆಳೆಯುತ್ತಿದೆ.

ಭರತ ಚಕ್ರವರ್ತಿಯ ಕಥೆಯನ್ನು ಈ ಬೆಳಕಿನಲ್ಲಿ ಓದಬೇಕು. ಜಿನಸೇನಾಚಾರ್ಯರೂ, ಅವರನ್ನು ಅನುಸರಿಸಿ 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನೂ ವೃಷಭಾಚಲದ ಪ್ರಸಂಗವನ್ನು ವರ್ಣಿಸಿದ್ದಾರೆ. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ದಿಗ್ವಿಜಯದ ಪ್ರಶಸ್ತಿಯನ್ನು ಕೊರೆಯಿಸಲು ಆ ಪರ್ವತಕ್ಕೆ ಬರುತ್ತಾನೆ. ತಾನೇ ಮೊದಲಿಗನೆಂದು ಭಾವಿಸಿ ಬಂದವನಿಗೆ ಅಲ್ಲಿ ಒಂದು ಹೆಸರು ಬರೆಯಲೂ ಜಾಗವಿಲ್ಲ. ಹಿಂದೆ ಆಗಿಹೋದ ಅಸಂಖ್ಯಾತ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಶಿಲೆಯೆಲ್ಲ ತುಂಬಿದೆ. ಭರತನ ಗರ್ವ ಇಳಿಯುತ್ತದೆ. ಬಳಿಕ ಅವನು ಮಾಡುವುದೇನು? ಯಾರದೋ ಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆಯಿಸುತ್ತಾನೆ.

ಗರ್ವ ಇಳಿದ ಮೇಲೂ ಹೆಸರು ಬರೆಯಿಸಿದನಲ್ಲ, ಅದರಲ್ಲಿಯೇ ಪುರಾಣಕಾರರ ಸೂಕ್ಷ್ಮವಿದೆ. ತನ್ನ ಹೆಸರನ್ನೂ ನಾಳೆ ಇನ್ನೊಬ್ಬನು ಅಳಿಸುವನೆಂಬ ಅರಿವು ಕ್ಷಣಕಾಲ ಮಿಂಚಿತು. ಮಾನ ಮಾತ್ರ ಬೇರುಸಹಿತ ಹೋಗಲಿಲ್ಲ. ಆದ್ದರಿಂದಲೇ ಅಯೋಧ್ಯೆಯ ಬಾಗಿಲಲ್ಲಿ ಚಕ್ರರತ್ನ ನಿಂತಾಗ ಅವನು ತಮ್ಮಂದಿರನ್ನು ಮಣಿಸಲು ಹೊರಟನು. ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋತನು. ಗೆದ್ದ ಬಾಹುಬಲಿಯದು ಇನ್ನೂ ದೊಡ್ಡ ಪಾಠ. ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರು. ಕಾಲಿಗೆ ಹುತ್ತ, ತೋಳಿಗೆ ಬಳ್ಳಿ. ವರ್ಷಪೂರ್ತಿಯ ತಪಸ್ಸೆಂಬ ಸಾಧನೆಗಿಂತ ಮಿಗಿಲಾದುದು ಯಾವುದು? ಆದರೂ ಒಳಗೆ ಉಳಿದಿದ್ದ ಒಂದು ಎಳೆ ಕಡಿಯುವವರೆಗೆ ಕೇವಲಜ್ಞಾನ ಉದಯಿಸಲಿಲ್ಲ. ಆ ಎಳೆ ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ಚಿಂತೆಯೆಂದು ಆದಿಪುರಾಣ ಹೇಳುತ್ತದೆ; ತನಗಿಂತ ಮೊದಲೇ ದೀಕ್ಷೆ ಪಡೆದ ಕಿರಿಯ ಸೋದರರಿಗೆ ನಮಿಸಲು ಅಡ್ಡಬಂದ ಮಾನವೆಂದು ಶ್ವೇತಾಂಬರ ಪರಂಪರೆ ಹೇಳುತ್ತದೆ. ಆನೆಯಿಂದ ಇಳಿದು ಬಾ ಎಂದು ಬ್ರಾಹ್ಮಿ, ಸುಂದರಿಯರು ಎಚ್ಚರಿಸಿದ್ದು ಆ ಸಂದರ್ಭದಲ್ಲಿಯೇ. ನೆಲದ ಮೇಲೆ ನಿಂತವರೂ ಆನೆಯನ್ನು ಏರಿರಬಹುದು.

ವೃಷಭಾಚಲವನ್ನು ಪುರಾಣದಲ್ಲಿಯೇ ಹುಡುಕಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪೆಗೆ ಹೋಗಿ ನೋಡಬಹುದು. 16ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯ ಹೆಸರು ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರವರೆಗೂ ಮುಟ್ಟಿತ್ತು. ಅವರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಇಂದು ಶರಾವತಿಯ ದಂಡೆಯ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಸುತ್ತ ಇದ್ದ ನಗರವಿಲ್ಲ. ನಾಲ್ಕು ದಿಕ್ಕಿಗೆ ತೆರೆದ ಬಾಗಿಲುಗಳು ಮತ್ತು ಒಳಗಿನ ಜಿನಬಿಂಬಗಳು ಉಳಿದಿವೆ. ಅರಮನೆ ಹೋಗಿ ಬಸದಿ ಉಳಿದದ್ದನ್ನು ನೋಡಿದವರಿಗೆ ಒಂದು ವರ್ಷದ ಸಾಧನೆಯ ಪಟ್ಟಿಯ ಆಯುಷ್ಯವೆಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಧನ, ಅಧಿಕಾರಗಳ ಗರ್ವವನ್ನು ಗುರುತಿಸುವುದು ಸುಲಭ. ತ್ಯಾಗದ ಗರ್ವ ಕಣ್ಣಿಗೆ ಬೀಳುವುದಿಲ್ಲ. ಕಾರವಾರಕ್ಕೂ ಈ ವಿಚಾರಕ್ಕೂ ಒಂದು ಅಪೂರ್ವ ನಂಟಿದೆ. 1883ರಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು. ಕಾಳಿ ನದಿ ಕಡಲು ಸೇರುವ ಈ ಊರಿನಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಅದರ ನಾಯಕ ಒಬ್ಬ ಸಂನ್ಯಾಸಿ. ಎಲ್ಲ ಬಂಧನಗಳನ್ನು ಕಡಿದು ಪ್ರಕೃತಿಯನ್ನೇ ಗೆದ್ದೆನೆಂದು ಬೀಗಿದವನು. ಊರೆಲ್ಲ ದೂರವಿಟ್ಟ ಒಬ್ಬ ಅನಾಥ ಬಾಲಿಕೆ ಅವನ ಆಸರೆಗೆ ಬರುತ್ತಾಳೆ. ತನ್ನ ಗೆಲುವು ಎಲ್ಲಿ ಕೆಡುವುದೋ ಎಂಬ ಭಯದಿಂದ ಅವನು ಅವಳನ್ನು ತೊರೆದು ಹೋಗುತ್ತಾನೆ. ಮನಸ್ಸು ಕರಗಿ ಹಿಂತಿರುಗುವ ಹೊತ್ತಿಗೆ ಅವಳು ಬದುಕಿರುವುದಿಲ್ಲ.

ಟ್ಯಾಗೋರರ ದರ್ಶನ ಜೈನದರ್ಶನವಲ್ಲ. ವೈರಾಗ್ಯವನ್ನೇ ಸೋಲೆಂದು ಜೈನಾಚಾರ್ಯರು ಒಪ್ಪಲಾರರು. ಆದರೆ ಆ ಸಂನ್ಯಾಸಿಯಲ್ಲಿದ್ದುದು ವೈರಾಗ್ಯವಲ್ಲ, ವೈರಾಗ್ಯದ ಅಭಿಮಾನ. ಸಮಂತಭದ್ರರು ತಪಸ್ಸಿನ ಮದವೆಂದದ್ದು ಅದನ್ನೇ. ಮಾನದಿಂದ ಇನ್ನೊಬ್ಬ ಧಾರ್ಮಿಕನನ್ನು ಕೀಳಾಗಿ ಕಂಡವನು ತನ್ನ ಧರ್ಮವನ್ನೇ ಅವಮಾನಿಸುತ್ತಾನೆ, ಏಕೆಂದರೆ ಧರ್ಮ ನೆಲೆಸುವುದು ಅದನ್ನು ಆಚರಿಸುವ ಜೀವಗಳಲ್ಲಿಯೇ ಎಂಬುದು ಅವರ ಉಪದೇಶದ ಸಾರ. ಹತ್ತು ದಿನ ಉಪವಾಸ ಮಾಡಿದ ಹಿರಿಯರು, ಒಂದು ಹೊತ್ತಿನ ಊಟವನ್ನು ಮಾತ್ರ ಬಿಡಲು ಸಾಧ್ಯವಾದ ಸೊಸೆಯ ಮುಂದೆ ಆ ಲೆಕ್ಕ ಹೇಳಿದರೆ ಉಪವಾಸದ ಫಲ ಎಲ್ಲಿ ಹೋಗುತ್ತದೆ? ಆ ಹತ್ತು ದಿನವೂ ಬಿಸಿನೀರು ಕಾಯಿಸಿಟ್ಟವಳು, ಮನೆಯವರ ಊಟ ತಿಂಡಿಯನ್ನು ನೋಡಿಕೊಂಡವಳು ಅವಳೇ ಆಗಿರುತ್ತಾಳೆ.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ. ಸದಾ ತಗ್ಗಿ ಬಗ್ಗಿ ಬಾಳಿದವರಿಗೆ, ನಿನ್ನಿಂದೇನಾದೀತು ಎಂಬ ಮಾತನ್ನೇ ಕೇಳುತ್ತ ಬೆಳೆದವರಿಗೆ ತಲೆಯೆತ್ತುವ ಹಕ್ಕಿಲ್ಲವೇ? ಅವರಿಗೂ ಮಾರ್ದವದ ಉಪದೇಶವೇ? ಈ ಪ್ರಶ್ನೆಗೆ ಅಂಕೋಲೆಯ ಇತಿಹಾಸದಲ್ಲಿ ಉತ್ತರವಿದೆ. ದಾಂಡಿಯಲ್ಲಿ ಗಾಂಧೀಜಿ ಉಪ್ಪಿನ ಕಾಯಿದೆಯನ್ನು ಮುರಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅನಂತರದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ ಸೀಮೆಯ ರೈತರು ಜಮೀನನ್ನೇ ಕಳೆದುಕೊಂಡರು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಹೀಗೆ. ಅದು ತಲೆಯೆತ್ತಿದ ನಡೆಯೇ, ಆದರೆ ಮಾನಕಷಾಯವಲ್ಲ. ಸ್ವಾಭಿಮಾನವು ನಾನು ಯಾರಿಗಿಂತಲೂ ಕಡಿಮೆಯಲ್ಲ ಎನ್ನುತ್ತದೆ. ಮಾನವು ನಾನು ಇವರಿಗಿಂತ ಹೆಚ್ಚು ಎನ್ನುತ್ತದೆ. ಮೊದಲನೆಯದಕ್ಕೆ ಜೈನ ಸಿದ್ಧಾಂತದಲ್ಲಿಯೇ ಆಧಾರವಿದೆ. ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯ ಪ್ರತಿಯೊಂದು ಆತ್ಮದ ಸ್ವಭಾವ. ತನ್ನನ್ನು ಕೀಳೆಂದು ನಂಬುವುದೂ ಮಿಥ್ಯಾದೃಷ್ಟಿಯೇ. ಆದರೆ ಆ ಸ್ವಭಾವ ಎಲ್ಲ ಜೀವಗಳಿಗೂ ಸಮಾನವಾದ್ದರಿಂದ ಅಲ್ಲಿ ಹೆಚ್ಚುಗಾರಿಕೆಗೆ ಎಡೆಯಿಲ್ಲ.

ಅಂಕೋಲಾ ತಾಲ್ಲೂಕಿನ ಇಬ್ಬರು ಹಾಲಕ್ಕಿ ಒಕ್ಕಲಿಗ ಮಹಿಳೆಯರ ಬದುಕೂ ಇದೇ ಮಾತನ್ನು ಹೇಳುತ್ತದೆ. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮುಖ ಕಂಡವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ, ಬೀಜಕ್ಕೆ ಯೋಗ್ಯವಾದ ತಾಯಿಮರವನ್ನು ಗುರುತಿಸುವುದು, ಬೀಜ ಆರಿಸುವುದು, ಸಸಿ ಬೆಳೆಸುವುದು, ಇದರಲ್ಲಿಯೇ ದಶಕಗಳನ್ನು ಕಳೆದರು. ಪದ್ಮಶ್ರೀ ಸ್ವೀಕರಿಸಲು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದಾಗ ಉಟ್ಟದ್ದು ಹಾಲಕ್ಕಿಯವರ ನಿತ್ಯದ ಉಡುಗೆ, ಕಾಲಿಗೆ ಚಪ್ಪಲಿಯಿರಲಿಲ್ಲ. ಅವರು ನೆಟ್ಟ ಗಿಡಗಳೆಷ್ಟು? ಒಬ್ಬರು ಹತ್ತಾರು ಸಾವಿರ ಎಂದು ಬರೆದರು, ಇನ್ನೊಬ್ಬರು ಲಕ್ಷ ಎಂದು ಬರೆದರು. ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಲೆಕ್ಕ ಹಾಕಿದವರು ಬೇರೆಯವರು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಮರಗಳು ನಿಂತಿವೆ, ಯಾವ ಮರದ ಮೇಲೂ ಅವರ ಹೆಸರಿಲ್ಲ.

ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಅವರು 2025ರ ಫೆಬ್ರುವರಿಯಲ್ಲಿ ಅಗಲಿದರು. ಬಾಯಿಂದ ಬಾಯಿಗೆ ಬಂದ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. ಸಾರಾಯಿಯ ವಿರುದ್ಧವೂ ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. ಆ ಹಾಡುಗಳನ್ನು ಕಟ್ಟಿದವರು ತಮ್ಮ ಹೆಸರನ್ನು ಎಲ್ಲಿಯೂ ಸೇರಿಸಿಲ್ಲ. ವೃಷಭಾಚಲದ ತುಂಬ ಹೆಸರುಗಳಿದ್ದವು, ಅವುಗಳ ಹಿಂದಿನ ಗೆಲುವುಗಳು ಉಳಿಯಲಿಲ್ಲ. ಇಲ್ಲಿ ಹಾಡುಗಳಿವೆ, ಹೆಸರುಗಳಿಲ್ಲ. ಗೊಮ್ಮಟನ ಅಭಿಷೇಕದ ಕಥೆಯಲ್ಲಿ ಚಾವುಂಡರಾಯನ ಕೊಡಗಳು ಸಾಲದೆ ಗುಳ್ಳಕಾಯಜ್ಜಿಯ ಅಂಗೈಯಗಲದ ಹಾಲು ಸಾಲಿದ್ದರ ಅರ್ಥವನ್ನು ತಿಳಿಯಬೇಕಾದವರಿಗೆ ಅಂಕೋಲೆ ದೂರವಲ್ಲ.

ಪ್ರಶಂಸೆಯೇ ಬೇಡವೆಂದು ಇದರ ಅರ್ಥವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಪರರನ್ನು ನಿಂದಿಸಿ ತನ್ನನ್ನು ಹೊಗಳಿಕೊಳ್ಳುವುದು, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣ. ಇದಕ್ಕೆ ವಿಪರೀತವಾದ ನಡೆ ಉಚ್ಚಗೋತ್ರಕ್ಕೆ ಕಾರಣ. ಗುಣಾಧಿಕರನ್ನು ಕಂಡಾಗ ಉಕ್ಕಬೇಕಾದ ಪ್ರಮೋದವೆಂಬ ಭಾವನೆಯನ್ನೂ ಅವರೇ ವಿಧಿಸಿದ್ದಾರೆ. ಹಾಗಾದರೆ ಹೊಗಳಿಕೆಗೆ ಸ್ಥಾನವಿದೆ. ದಿಕ್ಕು ಮಾತ್ರ ಬದಲಾಗಬೇಕು. ಮಗುವಿನ ಅಂಕವನ್ನು ತಾಯಿತಂದೆಯರು ಮೆಚ್ಚಲಿ, ಸಹೋದ್ಯೋಗಿಯ ಬಡ್ತಿಯನ್ನು ಸಹೋದ್ಯೋಗಿ ಕೊಂಡಾಡಲಿ. ವರ್ಷಾಂತ್ಯದ ಪಟ್ಟಿಯಲ್ಲಿ ಇತರರ ಸಾಧನೆಗಳು ಬರುವಂತಾದರೆ ಅದೇ ಪಟ್ಟಿ ಬಂಧದಿಂದ ನಿರ್ಜರೆಯ ಕಡೆಗೆ ತಿರುಗುತ್ತದೆ.

ಸ್ವಂತ ಸಾಧನೆಯ ಪಟ್ಟಿಗೆ ಇನ್ನೊಂದು ದೋಷವಿದೆ: ಅದು ಅನೇಕರನ್ನು ಮರೆಸುತ್ತದೆ. ಸಮ್ಮೇಳನದ ವರದಿಯಲ್ಲಿ ಶೇಕಡಾ ನೂರು ಫಲಿತಾಂಶವೆಂದು ಓದಿದಾಗ ಚಪ್ಪಾಳೆ ಬೀಳುತ್ತದೆ. ಆ ನೂರನ್ನು ಉಳಿಸಲು ‘ಈತ ಪಾಸಾಗಲಾರ’ ಎಂದು ಯಾವ ಶಾಲೆಯಾದರೂ ಪರೀಕ್ಷೆಗೆ ಮೊದಲೇ ಒಬ್ಬ ಹುಡುಗನನ್ನು ಹೊರಗಿಟ್ಟಿದ್ದರೆ, ಅವನು ವರದಿಯಲ್ಲಿಯೂ ಇಲ್ಲ, ಚಪ್ಪರದಲ್ಲಿಯೂ ಇಲ್ಲ. ದೊಡ್ಡ ಸಾಧನೆಗಳಿಗೂ ಇದೇ ಮಾತು ಸಲ್ಲುತ್ತದೆ. ಕಾರವಾರದ ಬಳಿಯ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ದೇಶಕ್ಕೆ ಅದು ಹೆಮ್ಮೆ. ಅದಕ್ಕಾಗಿ ಗದ್ದೆ, ತೋಟ, ಬಲೆ ಹರಡುವ ದಂಡೆಗಳನ್ನು ಬಿಟ್ಟುಕೊಟ್ಟವರು ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ ರೈತರು ಮತ್ತು ಮೀನುಗಾರರು. ಸೀಬರ್ಡ್ ನಿರಾಶ್ರಿತರೆಂದು ಜಿಲ್ಲೆ ಕರೆಯುವುದು ಅವರನ್ನು. ಅವರನ್ನು ಬಿಟ್ಟು ಆ ಹೆಮ್ಮೆಯ ಲೆಕ್ಕ ಪೂರ್ಣವಾಗದು. ಜೀವಗಳು ಪರಸ್ಪರ ಉಪಕಾರದಿಂದ ನಿಂತಿವೆ ಎಂದು ನಂಬಿದ ಧರ್ಮದಲ್ಲಿ ಯಾರೊಬ್ಬರ ಸಾಧನೆಯೂ ಒಬ್ಬರದೇ ಆಗಲಾರದು.

ಆದುದರಿಂದ ಡಿಸೆಂಬರ್ 31ರ ಸಂಜೆ ಗೃಹಸ್ಥನು ಲೆಕ್ಕದ ಪುಸ್ತಕವನ್ನು ತೆರೆಯಲಿ, ಆದರೆ ಆಲೋಚನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನಗಳ ಕ್ರಮದಲ್ಲಿ ತೆರೆಯಲಿ. ಮೊದಲು, ಕೈಗೂಡಿದ ಪ್ರತಿಯೊಂದು ಕಾರ್ಯದ ಎದುರಿಗೆ ಅದಕ್ಕೆ ನೆರವಾದವರ ಹೆಸರನ್ನು ಬರೆಯಲಿ: ಸಾಲಕ್ಕೆ ಜಾಮೀನು ನಿಂತ ಮಿತ್ರ, ಮನೆಗೆ ಕಲ್ಲು ಹೊತ್ತ ಕೂಲಿಯಾಳು, ರಾತ್ರಿ ಎಚ್ಚರವಿದ್ದ ಮಡದಿ. ಪಟ್ಟಿಯನ್ನು ಬರೆದಂತೆ ‘ನಾನು’ ಎಂಬುದು ತಾನೇ ಚಿಕ್ಕದಾಗುವುದನ್ನು ಕಾಣಬಹುದು. ಎರಡನೆಯದಾಗಿ, ಆ ಕಾರ್ಯದ ಹಾದಿಯಲ್ಲಿ ನೊಂದವರನ್ನು ನೆನೆಯಲಿ. ಕಡಿಮೆ ಕೊಟ್ಟ ಕೂಲಿ, ಆಡಿದ ಬಿರುಸು ಮಾತು, ಮುರಿದ ಭರವಸೆ ಇವೆಲ್ಲ ಇಲ್ಲಿ ಬರಬೇಕು. ಆದ ದೋಷ ನಿಷ್ಫಲವಾಗಲೆಂದು ಮನಸ್ಸಿನಲ್ಲಿ ಹಾರೈಸಿದರೆ ಸಾಲದು. ನೊಂದವರು ಹತ್ತಿರದಲ್ಲಿದ್ದರೆ ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಉಳಿದ ಕೂಲಿಯನ್ನು ಸಲ್ಲಿಸಬೇಕು. ಕ್ಷಮಾವಣಿಗೆ ಭಾದ್ರಪದದವರೆಗೆ ಕಾಯಬೇಕೆಂಬ ನಿಯಮವೇನಿಲ್ಲ. ಮೂರನೆಯದಾಗಿ, ಬರುವ ವರ್ಷಕ್ಕೆ ಒಂದು ತ್ಯಾಗವನ್ನು ನಿಶ್ಚಯಿಸಲಿ. ಮಾಡಿದ ದಾನವನ್ನು ಹೇಳಿಕೊಳ್ಳುವುದಿಲ್ಲ ಎಂಬ ಒಂದು ನಿಯಮ ಸಾಕು. ಅದನ್ನು ಪಾಲಿಸುವುದು ದಾನ ಮಾಡುವುದಕ್ಕಿಂತ ಕಠಿಣವೆಂದು ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ.

ಉತ್ತಮ ಮಾರ್ದವವು ದಶಲಕ್ಷಣ ಧರ್ಮಗಳಲ್ಲಿ ಎರಡನೆಯದು. ಮಾರ್ದವವೆಂದರೆ ಮೃದುತ್ವ. ಮೆತ್ತಗಾದ ಮಣ್ಣಿನಲ್ಲಿಯೇ ಬೀಜ ಮೊಳೆಯುತ್ತದೆ. ಕಳೆದ ವರ್ಷದ ಒಳ್ಳೆಯ ಕೆಲಸ ಮುಂದಿನ ವರ್ಷ ಮತ್ತೊಂದು ಒಳ್ಳೆಯ ಕೆಲಸಕ್ಕೆ ಬೀಜವಾಗಬೇಕಾದರೆ ಅದನ್ನು ಮಣ್ಣಿನೊಳಗೆ ಹಾಕಿ ಮರೆಯಬೇಕು. ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸುತ್ತ ಹೋದರೆ ಅದು ಒಣಗಿಹೋಗುತ್ತದೆ.